ಪ್ರತಿಕ್ರಿಯೆ: ಐವತ್ತರ ಮೇಲೆ ಮಲಯಾಳಂ ಕಲಿಯುವ ಬಗ್ಗೆ

ಮಾನ್ಯರೇ, ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಎಂದು ಮಂಜೇಶ್ವರದಲ್ಲಿ ಬೆಳೆದ ನೀವು, ಐವತ್ತರ ಮೇಲೆ ಮಲಯಾಳಂ ಓದುಬರಹ ಕಲಿಯಲು ಮಿದುಳು ಒಗ್ಗೀತೇ ಎಂದು ಕೇಳಿದ್ದೀರಿ. ಖಂಡಿತ ಒಗ್ಗುತ್ತದೆ. ಸ್ವೀಡನ್ನಿನ ಸೇನಾ ದುಭಾಷಿ ತರಬೇತಿಯಲ್ಲಿದ್ದ ತರುಣರನ್ನು ಮೂರು ತಿಂಗಳ ಕಠಿಣ ಭಾಷಾಭ್ಯಾಸದ ಮೊದಲೂ ಅನಂತರವೂ ಸ್ಕ್ಯಾನ್ ಮಾಡಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನೆನಪಿಗೆ ಆಧಾರವಾದ ಹಿಪೊಕ್ಯಾಂಪಸ್ ಹಿಗ್ಗಿದ್ದೂ ಭಾಷೆಗೆ ಸಂಬಂಧಿಸಿದ ಕೆಲವೆಡೆ ಮಿದುಳಿನ ಹೊರಪದರ ದಪ್ಪಗಾದದ್ದೂ ಕಂಡುಬಂದಿತ್ತು. ವಯಸ್ಸಾದಂತೆ ಕಲಿಕೆಯ ವೇಗ ತಗ್ಗುತ್ತದೆ, ಉಚ್ಚಾರಣೆ ಪೂರ್ತಿ ಪಳಗಲಿಕ್ಕಿಲ್ಲ. ಆದರೂ ಮಿದುಳಿನ ಮಾರ್ಪಾಡು ನಿಂತುಹೋಗುವುದಿಲ್ಲ. ಹೈದರಾಬಾದಿನಲ್ಲಿ 648 ಮಂದಿ ಮರೆವಿನ ರೋಗಿಗಳನ್ನು ಪರಿಶೀಲಿಸಿದಾಗ, ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಲ್ಲಿ, ಅಕ್ಷರ ಬಾರದವರಲ್ಲಿ ಕೂಡ, ರೋಗ ತಡವಾಗಿ ಕಾಣಿಸಿಕೊಂಡಿತ್ತು. ಒಟ್ಟಾರೆ ಅಂತರ ಸುಮಾರು ನಾಲ್ಕೂವರೆ ವರ್ಷ. ಗಡಿನಾಡಿನ ನಮಗೆ ಇದು ದೊಡ್ಡ ಸಮಾಧಾನದ ಮಾತೆಂದೇ ನಾನು ಭಾವಿಸುತ್ತೇನೆ. ಬಸ್ಸಿನ ಬೋರ್ಡು, ಪಂಚಾಯತಿನ ಅರ್ಜಿಗಳನ್ನು ದಿನವೂ ಗಟ್ಟಿಯಾಗಿ ಓದಿ, ಕೈಯಿಂದ ಬರೆಯಿರಿ.