ನಾಲ್ಕೂವರೆ ವರ್ಷಕ್ಕೆ ನೀಟಾಗಿ ಕಲರ್ ಮಾಡ್ಲೇಬೇಕಾ?

ಪ್ರಶ್ನೆ: ನನ್ನ ಮಗಳಿಗೆ ನಾಲ್ಕೂವರೆ ವರ್ಷ, ಎಲ್‌ಕೆಜಿ. ಕಲರ್ ಮಾಡೋಕೆ ಮಾವಿನಹಣ್ಣು ಕೊಟ್ರೆ ಪೇಜೆಲ್ಲಾ ಹಳದಿ ಮಾಡಿಡ್ತಾಳೆ. ಮಿಸ್ಸು ವಾರವಾರ 'ನೀಟಾಗಿಲ್ಲ' ಅಂತ ಬರೆದು ಕಳಿಸ್ತಾರೆ. ಕೈ ಹಿಡಿದು ನಾನೇ ಮಾಡಿಸ್ತಿದ್ದೆ, ಈಗ ಕ್ರೇಯಾನ್ ಡಬ್ಬಿ ತೆಗೆದ್ರೆ ಸಾಕು ಮಂಚದ ಕೆಳಗೆ ಹೋಗಿ ಕೂರ್ತಾಳೆ. ಈಗ್ಲೇ ನೀಟಾಗಿ ಬರ್ಬೇಕಾ?
— ಒಬ್ಬ ಅಮ್ಮ, ತುಮಕೂರು

ಉತ್ತರ: ಬೇಕಿಲ್ಲಮ್ಮ. ಮೊದ್ಲು ಆ ಕೈ ಹಿಡಿದು ಮಾಡಿಸೋದನ್ನ ನಿಲ್ಸಿ, ಅದ್ರಲ್ಲಿ ಕಲೀತಿರೋದು ನಿಮ್ಮ ಕೈ, ಅವಳದ್ದಲ್ಲ.

ಮಕ್ಕಳಿಗೆ ಕೈ ಮೇಲಿನ ಹಿಡಿತ ಭುಜದಿಂದ ಕೆಳಗಿಳೀತಾ ಬರುತ್ತೆ. ಎರಡು ವರ್ಷದ ಮಗು ಕ್ರೇಯಾನ್ನ ಮುಷ್ಟೀಲಿ ಹಿಡಿದು ಇಡೀ ತೋಳು ಆಡಿಸುತ್ತೆ, ಆಮೇಲೆ ಮೊಣಕೈ, ಆಮೇಲೆ ಮಣಿಕಟ್ಟು, ಕೊನೆಗೆ ಬೆರಳು. ಮೂರು ಬೆರಳಲ್ಲಿ ಹಿಡಿದು ಬೆರಳನ್ನೇ ಆಡಿಸೋದು ಎಷ್ಟೋ ಮಕ್ಕಳಿಗೆ 5-6 ವರ್ಷಕ್ಕೆ ಕುದುರುತ್ತೆ, ಮಾವಿನಹಣ್ಣಿನ ಮೂತಿ ಹತ್ರ ಗಕ್ಕನೆ ನಿಲ್ಸೋಕೆ ಅದೇ ಬೇಕಿರೋದು. ನಿಮ್ಮವಳು ಇನ್ನೂ ಮೊಣಕೈಲೇ ಬಳೀತಿರ್ಬೇಕು. ಸುಣ್ಣ ಹೊಡೆಯೋ ಬ್ರಷ್ ಕೊಟ್ಟು ಕಣ್ಣಿಗೆ ಕಾಡಿಗೆ ಹಚ್ಕೊಳ್ಳಿ ಅಂದ್ರೆ ನಾವಾದ್ರೂ ಏನ್ ಮಾಡ್ತೀವಿ?

ಹಾಗಂತ ಸುಮ್ನೆ ಕೂರೋದೂ ಬೇಡ. ಕ್ರೇಯಾನ್ನ ಒಂದೂವರೆ ಇಂಚಿಗೆ ಮುರೀರಿ, ಅಯ್ಯೋ ಹೊಸದು ಅನ್ಬೇಡಿ, ಚೂರನ್ನ ಮುಷ್ಟೀಲಿ ಹಿಡಿಯೋಕಾಗಲ್ಲ, ಬೆರಳೇ ಮುಂದೆ ಬರ್ಬೇಕು. ನಾವು ಸ್ಲೇಟ್ ಮೇಲೆ ಬರೆದಿದ್ದೂ ಬಳಪದ ಚೂರಲ್ಲೇ ತಾನೆ. ಕಲರಿಂಗ್ ಬುಕ್ ಸ್ವಲ್ಪ ದಿನ ಒಳಗಿಟ್ಟು ಗೋಡೆಗೆ ದೊಡ್ಡ ಹಾಳೆ ಅಂಟಿಸಿ, ನಿಂತ್ಕೊಂಡು ಬರೀಲಿ, ಭುಜ ಮಣಿಕಟ್ಟು ಎರಡೂ ಗಟ್ಟಿಯಾಗುತ್ತೆ.

ಅದಕ್ಕಿಂತ ಒಳ್ಳೇದು ಅಡುಗೆಮನೆ. ಹೋದ ಅವರೆಕಾಯಿ ಸೀಸನ್ನಲ್ಲಿ ನನ್ನ ಮೊಮ್ಮಗನ ಮುಂದೆ ನೆನೆಸಿದ ಕಾಳಿನ ಬಟ್ಟಲಿಟ್ಟು ಹಿತುಕು ಅಂದೆ. ಮೊದಲನೇ ದಿನ ಬೇಳೆಯೆಲ್ಲಾ ಪಿಚಕ್ ಅಂತ ಹಾರಿ ಫ್ರಿಜ್ ಕೆಳಗೆ, ನನ್ನ ಕಾಫಿ ಲೋಟದೊಳಗೆ. ನಾಲ್ಕೈದು ದಿನದಲ್ಲಿ ಹೆಬ್ಬೆರಳು ತೋರುಬೆರಳ ಮಧ್ಯೆ ಒತ್ತಿ ಸರಿಯಾಗಿ ಬಟ್ಟಲಿಗೇ ಬೀಳಿಸ್ತಿದ್ದ, ಅದೇ ಬೆರಳು ಅದೇ ಶಕ್ತಿ ಕ್ರೇಯಾನ್ ಹಿಡಿಯೋಕೂ ಬೇಕು. ಸೀಸನ್ ಇಲ್ದಿದ್ರೆ ಚಪಾತಿ ಹಿಟ್ಟು ಕೊಡಿ.

ಮಿಸ್ಸಿಗೆ ಜಗಳದ ಥರ ಬೇಡ, ಮನೇಲಿ ಬೆರಳಿಗೆ ಇಂಥಿಂಥ ಕೆಲಸ ಕೊಡ್ತಿದೀವಿ, ಇನ್ನೊಂದು ವರ್ಷ ಕಾಯೋಣ ಅಂತ ಹೇಳಿ, ಆದ್ರೆ ನೀವು ತಿದ್ದಿದ ಪೇಜ್ ಮಾತ್ರ ಕಳಿಸ್ಬೇಡಿ, ಅವಳ ಕೈ ಎಲ್ಲಿದೆ ಅಂತ ಅವರಿಗೂ ಗೊತ್ತಾಗಲ್ಲ.

ಚಮಚ ಹಿಡಿಯೋಕೆ ಈಗ್ಲೂ ಕಷ್ಟಪಟ್ರೆ, ಐದು ದಾಟಿದ್ಮೇಲೂ ಗುಂಡಿ ಹಾಕೋಕೆ ಬರ್ದಿದ್ರೆ, ಎರಡು ನಿಮಿಷಕ್ಕೆ ಕೈ ನೋವು ಅಂದ್ರೆ ಮಕ್ಕಳ ಡಾಕ್ಟ್ರಿಗೆ ಒಮ್ಮೆ ತೋರ್ಸಿ. ಎಡಗೈಲಿ ಬರೀತಾಳೆ ಅಂತ ಮಾತ್ರ ಕರ್ಕೊಂಡು ಹೋಗ್ಬೇಡಿ, ಅದು ಕಾಯಿಲೆ ಅಲ್ಲ.