ಸಂತ ಲಾರೆನ್ಸರನ್ನು ನಿಜವಾಗಿಯೂ ಕಬ್ಬಿಣದ ಜಾಲರಿಯ ಮೇಲೆ ಸುಟ್ಟರಾ?

ಚಿತ್ರಗಳಲ್ಲಿ ಲಾರೆನ್ಸರ ಜೊತೆ ಕಬ್ಬಿಣದ ಜಾಲರಿ ಯಾಕಿರುತ್ತದೆ, ಅದರ ಮೇಲೆ ಅವರನ್ನು ಸುಟ್ಟಿದ್ದು ನಿಜವೇ, ಅತ್ತೂರಿನ ಅವರ ಚರ್ಚಿಗೆ ಎಲ್ಲ ಧರ್ಮದವರೂ ಯಾಕೆ ಹೋಗುತ್ತಾರೆ ಅಂತ ಕೇಳಿದ್ದೀರಿ. ನಾನು ಕರಾವಳಿಯ ಕ್ರೈಸ್ತ, ಆ ಸಂತರ ಮೇಲೆ ತುಂಬಾ ಭಕ್ತಿ ಇರುವವನು. ಆದರೂ ಜಾಲರಿಯ ಕಥೆ ನನಗೆ ಅನುಮಾನವೇ.

ಲಾರೆನ್ಸ್ ರೋಮಿನಲ್ಲಿ ಪೋಪ್ ಎರಡನೇ ಸಿಕ್ಸ್ಟಸ್ ಅವರ ಕೈಕೆಳಗಿದ್ದ ಡೀಕನ್, ಅಂದರೆ ಪಾದ್ರಿಗಿಂತ ಕೆಳಗಿನ ಚರ್ಚ್ ಸೇವಕ. ಚರ್ಚಿನ ಹಣ ನೋಡಿಕೊಂಡು ಬಡವರಿಗೆ ಹಂಚುವ ಕೆಲಸ ಅವರದ್ದು ಅಂತ ಪರಂಪರೆ ಹೇಳುತ್ತದೆ. 258ರಲ್ಲಿ ಚಕ್ರವರ್ತಿ ವಲೇರಿಯನ್ ಬಿಷಪ್, ಪಾದ್ರಿ, ಡೀಕನ್‌ಗಳನ್ನು ಕೂಡಲೇ ಕೊಲ್ಲಬೇಕು ಅಂತ ಆಜ್ಞೆ ಹೊರಡಿಸಿದ. ಆಗಸ್ಟ್ 6ರಂದು ಸಿಕ್ಸ್ಟಸ್ ಮತ್ತು ನಾಲ್ವರು ಡೀಕನ್‌ಗಳನ್ನು ಕೊಂದರು. ಇದನ್ನು ಬರೆದವರು ಉತ್ತರ ಆಫ್ರಿಕಾದ ಕಾರ್ಥೇಜಿನ ಬಿಷಪ್ ಸಿಪ್ರಿಯನ್, ಅದೂ ಆ ದಿನಗಳಲ್ಲೇ. ಮರುತಿಂಗಳು ಸಿಪ್ರಿಯನ್ನರ ತಲೆಯನ್ನೂ ಕಡಿದರು. ಲಾರೆನ್ಸ್ ಸತ್ತದ್ದು ಆಗಸ್ಟ್ 10ರಂದು. 354ರ ರೋಮಿನ ಪಂಚಾಂಗದಲ್ಲೇ ಆ ದಿನ ಅವರ ಹೆಸರಿದೆ, ಸಮಾಧಿ ತಿಬುರ್ತಿನಾ ರಸ್ತೆಯಲ್ಲಿ ಅಂತಲೂ ಇದೆ. ಅಲ್ಲೇ ಇವತ್ತಿಗೂ ಅವರ ಹೆಸರಿನ ದೊಡ್ಡ ಬಸಿಲಿಕಾ (ಪೋಪರಿಂದ ವಿಶೇಷ ಮಾನ್ಯತೆ ಪಡೆದ ಚರ್ಚು) ಇದೆ.

ಬೆಂಕಿಯ ಮಾತು ಬರುವುದು 100 ವರ್ಷಕ್ಕೂ ಹೆಚ್ಚು ಕಳೆದ ಮೇಲೆ. ಮಿಲಾನಿನ ಬಿಷಪ್ ಆಂಬ್ರೋಸ್ ಬರೆದದ್ದರಲ್ಲಿ, ಜಾಲರಿಯ ಮೇಲೆ ಸುಡುತ್ತಿರುವಾಗ ಲಾರೆನ್ಸ್, "ಈ ಕಡೆ ಬೆಂದಿದೆ, ಹೊರಳಿಸಿ ತಿನ್ನು" ಅನ್ನುತ್ತಾರೆ. ಚಿತ್ರಗಳಲ್ಲಿ ಜಾಲರಿ ಬಂದದ್ದು ಈ ಕಥೆಯಿಂದಲೇ. ಕೂಡಲೇ ಕೊಲ್ಲಬೇಕು ಅಂತ ಆಜ್ಞೆ ಇದ್ದಾಗ ನಿಧಾನವಾಗಿ ಸುಡುವುದು ಹೊಂದುವುದಿಲ್ಲ, ಅಲ್ವಾ? ಉಳಿದವರ ಹಾಗೆ ಅವರ ತಲೆಯನ್ನೂ ಕಡಿದಿರಬೇಕು ಅಂತ ಅನೇಕ ಇತಿಹಾಸಕಾರರು ಹೇಳುತ್ತಾರೆ. ನನಗೂ ಅದೇ ಸರಿ ಅನ್ನಿಸುತ್ತದೆ.

ಆದರೆ ಅದೇ ಆಂಬ್ರೋಸ್ ಇನ್ನೊಂದು ಕಥೆ ಹೇಳುತ್ತಾರೆ. ನನಗೆ ಜಾಲರಿಗಿಂತ ಇದೇ ಜಾಸ್ತಿ ಮುಖ್ಯ. ಚರ್ಚಿನ ಸಂಪತ್ತು ತಂದೊಪ್ಪಿಸು ಅಂತ ಅಧಿಕಾರಿಗಳು ಕೇಳಿದಾಗ ಲಾರೆನ್ಸ್ ಒಪ್ಪಿಕೊಂಡರು. ಮರುದಿನ ರೋಮಿನ ಬಡವರನ್ನು ಕರೆತಂದು ನಿಲ್ಲಿಸಿ, ಇವರೇ ಚರ್ಚಿನ ಸಂಪತ್ತು ಅಂದರು. ಇದಕ್ಕೂ ಗಟ್ಟಿ ಸಾಕ್ಷಿ ಇಲ್ಲ, ನಿಜ. ಆದರೆ ಬಡವರಿಗೆ ಹಂಚುವುದೇ ಕೆಲಸವಾಗಿದ್ದವರ ಬಾಯಲ್ಲಿ ಆ ಮಾತು ಸಹಜವಾಗಿ ಕೂರುತ್ತದೆ.

ಇನ್ನು ಅತ್ತೂರು. ಕಾರ್ಕಳ ಪೇಟೆಗೆ ಹತ್ತಿರ. 2016ರಲ್ಲಿ ಬಸಿಲಿಕಾ ಆಯಿತು. ಲಾರೆನ್ಸರ ದಿನ ಬರುವ ಆಗಸ್ಟಿನಲ್ಲಿ ನಮ್ಮಲ್ಲಿ ಜಡಿಮಳೆ, ವರ್ಷದ ದೊಡ್ಡ ಹಬ್ಬ ನಡೆಯುವುದು ಜನವರಿಯಲ್ಲಿ. ಹಿಂದೂಗಳು, ಮುಸ್ಲಿಮರು, ಜೈನರು ಎಲ್ಲರೂ ಬಂದು ಮೇಣದಬತ್ತಿ ಹಚ್ಚುತ್ತಾರೆ, ಹರಕೆ ತೀರಿಸುತ್ತಾರೆ. ಅವರಿಗೆ ರೋಮಿನ ಚರಿತ್ರೆ ಬೇಕಾಗಿಲ್ಲ. ಕಷ್ಟ ಹೇಳಿಕೊಂಡರೆ ಕೇಳುವ ಸಂತ ಅನ್ನುವ ನಂಬಿಕೆ ಇದೆ, ಅದಕ್ಕೇ ಬರುತ್ತಾರೆ.