ಮದ್ದು ತಗೊಂಡ್ಮೇಲೆ ಅತ್ತೆಗೆ ಹಗಲಿಡೀ ನಿದ್ದೆ

ಪ್ರಶ್ನೆ: ಡಾಕ್ಟ್ರೇ, ನಮ್ಮದು ಕೇರಳದ ಕಾಸರಗೋಡು ಜಿಲ್ಲೆ, ಬದಿಯಡ್ಕ ಹತ್ರ. ಅತ್ತೆಗೆ 72 ವರ್ಷ, ಶುಗರ್ ಉಂಟು. ಪಾದ ಉರಿಗೆ ಮಂಗಳೂರಿನ ಡಾಕ್ಟ್ರು ಪ್ರಿಗಾಬಲಿನ್ 75 ಕೊಟ್ಟಿದ್ರು, ಈಗ ಮೈ ತುರಿಕೆಗೆ ಇಲ್ಲೇ ಕ್ಲಿನಿಕ್ಕಿನಲ್ಲಿ ಅವಿಲ್ ಕೊಟ್ರು. ಅದಾದ್ಮೇಲೆ ಕೂತಲ್ಲೇ ತೂಕಡಿಸ್ತಾರೆ, ಈಗ ಬೆಳಗ್ಗೆಯಾ ಸಂಜೆಯಾ ಅಂತ ಕೇಳ್ತಾರೆ, ಮೊನ್ನೆ ಬಚ್ಚಲಿಗೆ ಹೋಗುವಾಗ ವಾಲಿದ್ರು. ಮನೆಯಲ್ಲಿ ಎಲ್ಲರೂ ಪ್ರಾಯ ಆಯ್ತಲ್ಲ ಅಂತಾರೆ. ಗುಳಿಗೆ ಎಲ್ಲ ನಿಲ್ಲಿಸ್ಲಾ?

ಉತ್ತರ: ಪ್ರಾಯ ಅಂತ ಸುಮ್ಮನೆ ಕೂರ್ಬೇಡಿ ಅಕ್ಕ. ಹೊಸ ಮದ್ದು ಶುರುವಾದ್ಮೇಲೆ ಬಂದ ಮಂಪರಾದ್ರೆ ಮೊದ್ಲು ಸಂಶಯ ಪಡ್ಬೇಕಾದ್ದು ಮದ್ದನ್ನೇ. ಆದ್ರೂ ಈಗ್ಲೇ ಒಮ್ಮೆ ಶುಗರ್ ನೋಡಿ, 70ಕ್ಕಿಂತ ಕೆಳಗೆ ಇಳಿದ್ರೂ ಹೀಗೇ ಮಂಕಾಗ್ತಾರೆ, ಎಚ್ಚರ ಇದ್ರೆ ಸಕ್ಕರೆ ನೀರು ಕುಡಿಸಿ.

ಅವಿಲ್ ಹಳೇ ಕಾಲದ ಅಲರ್ಜಿ ಮದ್ದು. ತುರಿಕೆ ತರಿಸುವ ಹಿಸ್ಟಮಿನ್ನೇ ಮಿದುಳಿನಲ್ಲಿ ನಮ್ಮನ್ನ ಎಚ್ಚರವಾಗಿಡ್ತದೆ, ಈ ಗುಳಿಗೆ ಅಲ್ಲಿಗೂ ಹೋಗಿ ಅದನ್ನ ತಡೀತದೆ, ಅದಕ್ಕೇ ನಿದ್ದೆ. ಪ್ರಾಯ ಆದವರಿಗೆ ಗಲಿಬಿಲಿ, ಮಲಬದ್ಧತೆ, ಮೂತ್ರ ಕಟ್ಟೋದು ಕೂಡ ಆಗ್ಬಹುದು. ಪ್ರಿಗಾಬಲಿನ್‌ನಿಂದ್ಲೂ ತೂಕಡಿಕೆ ಬರ್ತದೆ, ಅದು ಹೆಚ್ಚುಕಡಿಮೆ ಪೂರ್ತಿ ಕಿಡ್ನಿಯಿಂದ್ಲೇ ಹೊರಗೆ ಹೋಗ್ಬೇಕು, ಶುಗರಿನಿಂದ ಕಿಡ್ನಿ ಸೋತಿದ್ರೆ ಅದೇ 75 ಮೈಯಲ್ಲಿ ಉಳ್ಕೊಂಡು ಜಾಸ್ತಿ ಆಗ್ತಾ ಹೋಗ್ತದೆ. ಈಗ ಎರಡೂ ಸೇರಿ ಒಂದರ ಮೇಲೊಂದು ಮಂಪರು.

ಹಾಗಂತ ಎಲ್ಲ ನಿಲ್ಲಿಸ್ಬೇಡಿ! ಪ್ರಿಗಾಬಲಿನ್ ಒಮ್ಮೆಲೇ ಬಿಟ್ರೆ ನಿದ್ದೆಗೇಡು, ಬೆವರು, ಚಡಪಡಿಕೆ, ಕೆಲವರಿಗೆ ಫಿಟ್ಸ್ ಕೂಡ ಬರ್ತದೆ, ಅದನ್ನ ಡಾಕ್ಟ್ರೇ ಕಡಿಮೆ ಅಂದ್ರೂ ಒಂದು ವಾರ ತಗೊಂಡು ಇಳಿಸ್ಬೇಕು. ಅವಿಲ್ ಮುಂದಿನ ಡೋಸ್ ಕೊಡುವ ಮೊದ್ಲೇ ಆ ಕ್ಲಿನಿಕ್ಕಿಗೆ ಫೋನ್ ಮಾಡಿ ಪ್ರಿಗಾಬಲಿನ್ ವಿಷಯ ಹೇಳಿ. ತುರಿಕೆಗೆ ಫೆಕ್ಸೊಫೆನಡಿನ್ ಥರದ, ನಿದ್ದೆ ತುಂಬ ಕಡಿಮೆ ಬರುವ ಮದ್ದು ಉಂಟು. ಕಿಡ್ನಿ ಹೇಗುಂಟು ಅಂತ ತಿಳಿಸುವ ಕ್ರಿಯಾಟಿನಿನ್ ರಕ್ತ ಟೆಸ್ಟ್ ಆಗ್ಲೇಬೇಕು, ಅದು ನೋಡಿಯೇ ಡೋಸ್ ನಿರ್ಧಾರ.

ನಮ್ಮ ಕಡೆ ಇದು ಜಾಸ್ತಿ ಯಾಕೆ ಅಂದ್ರೆ ಒಂದು ಚೀಟಿ ಮಂಗಳೂರಿಂದು, ಇನ್ನೊಂದು ಊರಿಂದು, ಮೆಡಿಕಲ್‌ನವರು ಮಲಯಾಳದಲ್ಲಿ ಹೇಳಿದ್ದು ಅಜ್ಜಿಯಂದಿರಿಗೆ ಅರ್ಧವೇ ಗೊತ್ತಾಗಿರ್ತದೆ, ಕವರಿನ ಮೇಲೆ ಇಂಗ್ಲಿಷು, ಒಬ್ಬ ಡಾಕ್ಟ್ರು ಕೊಟ್ಟದ್ದು ಇನ್ನೊಬ್ಬರಿಗೆ ಗೊತ್ತೇ ಇಲ್ಲ. ಶೀತದ ಸಿರಪ್ ಸಮೇತ (ಅವುಗಳಲ್ಲೂ ಸುಮಾರಷ್ಟರಲ್ಲಿ ಅವಿಲ್ ಜಾತಿಯ ಮದ್ದೇ ಇರೋದು) ಎಲ್ಲವನ್ನೂ ಚೀಲಕ್ಕೆ ಹಾಕಿ ಒಬ್ಬರ ಎದುರು ಸುರೀರಿ.

ಅಲ್ಲಿವರೆಗೆ ಬಚ್ಚಲಿಗೆ ಒಬ್ಬರನ್ನೇ ಬಿಡ್ಬೇಡಿ. ಎಬ್ಬಿಸಿದ್ರೂ ಏಳದಿದ್ರೆ, ಉಸಿರು ನಿಧಾನ ಆದ್ರೆ, ತಲೆಗೆ ಪೆಟ್ಟಾದ್ರೆ, ಬಾಯಿ ಓರೆಯಾಗಿ ಕೈ ಸೋತ್ರೆ ಫೋನ್ ಮಾಡ್ತಾ ಕೂರದೆ ಸೀದಾ ಆಸ್ಪತ್ರೆಗೆ ಕರ್ಕೊಂಡು ಹೋಗಿ.